ಗುರುವಾರ ಕಳಿಸಿ

ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ, ಬಟ್ಟೆ ಒಗೆಯುವ ಕೋಣೆಯನ್ನು ದಾಟಿದರೆ ಸಿಗುವ ಉದ್ದನೆಯ ಹಾಲೇ ಡಯಾಲಿಸಿಸ್ ವಿಭಾಗ. ಹನ್ನೆರಡು ಕುರ್ಚಿ, ಹನ್ನೆರಡು ಯಂತ್ರ. ಕಿಡ್ನಿ ಕೈಕೊಟ್ಟವರು ವಾರಕ್ಕೆ ಮೂರು ಸಲ ಬಂದು, ತೋಳಿಗೆ ಎರಡೆರಡು ಸೂಜಿ ಚುಚ್ಚಿಸಿಕೊಂಡು, ನಾಲ್ಕು ಗಂಟೆ ಅಲುಗಾಡದೆ ಕೂತು, ರಕ್ತ ಶುದ್ಧ ಮಾಡಿಸಿಕೊಂಡು ಹೋಗುವ ಜಾಗ. ಬೇರೆ ವಾರ್ಡುಗಳಿಗೆ ರೋಗಿ ಬರುತ್ತಾನೆ, ವಾಸಿಯಾಗುತ್ತಾನೆ ಅಥವಾ ಆಗುವುದಿಲ್ಲ, ಅಂತೂ ಹೊರಟುಹೋಗುತ್ತಾನೆ. ಇಲ್ಲಿ ಹಾಗಲ್ಲ. ಇಲ್ಲಿಗೆ ಬಂದವರು ವರ್ಷಗಟ್ಟಲೆ ಬರುತ್ತಲೇ ಇರುತ್ತಾರೆ. ಮಗಳ ಮದುವೆ, ಮೊಮ್ಮಗನ ಮೊದಲ ಹಲ್ಲು, ಪಕ್ಕದ ಮನೆಯವರ ಜಗಳ ಎಲ್ಲವೂ ಆ ಕುರ್ಚಿಗಳಲ್ಲೇ ಹಂಚಿಕೆಯಾಗುತ್ತವೆ. ಅವರ ಮುಖವನ್ನು ಮನೆಯವರಿಗಿಂತ ಹೆಚ್ಚು ಹೊತ್ತು ನೋಡುವವರು ಅಲ್ಲಿನ ನರ್ಸುಗಳು.

ಅವರಲ್ಲಿ ಹಿರಿಯವಳಿಗೆ ದೊಡ್ಡ ಸಿಸ್ಟರ್ ಎಂದು ಹೆಸರು ಬಿದ್ದಿತ್ತು. ಆಳು ನೋಡಿದರೆ ದೊಡ್ಡದೇನಿಲ್ಲ. ಮೇಲಿನ ಗೂಡಿನಿಂದ ಬಾಟಲಿ ಇಳಿಸಬೇಕಾದರೆ ಸ್ಟೂಲು ಹತ್ತಬೇಕು. ಅವಳಿಗಿಂತ ಒಂದು ಗೇಣು ಎತ್ತರವಿದ್ದ ಕಿರಿಯ ನರ್ಸು ಚಿಕ್ಕ ಸಿಸ್ಟರ್. ಆದರೆ ಸೂಜಿ ಹಿಡಿದರೆ ದೊಡ್ಡ ಸಿಸ್ಟರ್ ಕೈಯೇ ಕೈ. ಎಂಥ ಸೊರಗಿದ ತೋಳಾದರೂ ಬೆರಳಿಟ್ಟು ನರ ಹುಡುಕಿ, ಮಾತಾಡಿಸುತ್ತಲೇ ಚುಚ್ಚಿಬಿಡುತ್ತಿದ್ದಳು. "ಗಟ್ಟಿಗಿತ್ತಿ" ಎಂದು ಎಲ್ಲರೂ ಹೊಗಳುವವರೇ. ಹೊಗಳುವುದರಲ್ಲಿ ಒಂದು ಉಪಾಯವೂ ಇರುತ್ತದೆ. ಗಟ್ಟಿಗಿತ್ತಿ ಎಂದು ಒಮ್ಮೆ ಅಂದುಬಿಟ್ಟರೆ ಆಮೇಲೆ ಅವಳನ್ನು ಏನೂ ವಿಚಾರಿಸಬೇಕಾಗಿಲ್ಲ, ನೋಡಿ.

ಆ ಹಾಲಿನಲ್ಲಿ ಒಂದು ಅಲಿಖಿತ ಕಾನೂನಿತ್ತು. ಅಲ್ಲಿ ಯಾರೂ ಸಾಯುವ ಹಾಗಿರಲಿಲ್ಲ. ನಿಜವಾಗಿ ಸಾಯುತ್ತಿದ್ದರು, ಅದು ಬೇರೆ ಮಾತು. ಆದರೆ ಒಬ್ಬರು ಹೋದ ಸುದ್ದಿ ಕಿವಿಗೆ ಬಿದ್ದರೆ ಉಳಿದವರು ಎದೆಗೆಡುತ್ತಾರೆ, ರಕ್ತದೊತ್ತಡ ಕುಸಿಯುತ್ತದೆ, ಮಾರನೆಯ ಸಲ ಬರುವುದಿಲ್ಲ ಎನ್ನುತ್ತಾರೆ ಎಂದು ಹಿಂದೆ ಯಾವುದೋ ಕಾಲದಲ್ಲಿ ಯಾರೋ ತೀರ್ಮಾನಿಸಿದ್ದರು. ಹಾಗಾಗಿ, "ಅವರು ಯಾಕೆ ಕಾಣ್ತಿಲ್ಲ?" ಎಂದು ಯಾರಾದರೂ ಕೇಳಿದರೆ ಉತ್ತರ ಒಂದೇ: "ಸಂಜೆ ಬ್ಯಾಚಿಗೆ ಹಾಕಿದೀವಿ." ಬೆಳಗಿನವರಿಗೆ ಸಂಜೆಯವರ ಮುಖ ಕಾಣುವುದಿಲ್ಲ, ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ದೊಡ್ಡ ಸಿಸ್ಟರ್ ತನ್ನ ಕೈಯಾರೆ ಅದೆಷ್ಟು ಜನರನ್ನು ಸಂಜೆ ಬ್ಯಾಚಿಗೆ ಕಳಿಸಿದ್ದಳೋ ಲೆಕ್ಕವಿಟ್ಟಿರಲಿಲ್ಲ. ಪ್ರತಿ ಸಲವೂ ಹಾಗೆ ಹೇಳಿ, ಬೆಳಗಾದರೆ ಅದೇ ಕುರ್ಚಿ ಒರೆಸಿ, ಹೊಸಬರನ್ನು ಕೂರಿಸುತ್ತಿದ್ದಳು. ಅಳುವುದಕ್ಕೆ ಅಲ್ಲಿ ಸಂದೇ ಇರಲಿಲ್ಲ.

ಕಿಟಕಿಯ ಪಕ್ಕದ ಕುರ್ಚಿ ಟೈಲರಣ್ಣನದು. ಎಂಟು ವರ್ಷದಿಂದ ಅವನದೇ. ಟೇಪಿಲ್ಲದೆ ಕಣ್ಣಲ್ಲೇ ಅಳತೆ ತೆಗೆಯುವ ಆಸಾಮಿ. ಡಾಕ್ಟರ ಪ್ಯಾಂಟಿನ ಉದ್ದ ಸರಿಯಿಲ್ಲ ಎಂದು ಡಾಕ್ಟರಿಗೇ ಹೇಳಿದ್ದ. ಒಂದು ದಿನ ದೊಡ್ಡ ಸಿಸ್ಟರನ್ನು ಮೇಲಿಂದ ಕೆಳಗೆ ನೋಡಿ, "ಬಲಗಡೆ ಭುಜ ಇಳಿದುಬಿಟ್ಟಿದೆ ಸಿಸ್ಟರ್. ಯಾರ ಭಾರ ಹೊತ್ಕೊಂಡು ಓಡಾಡ್ತೀರಿ?" ಎಂದಿದ್ದ. "ನಿಮ್ಮದೇ," ಎಂದು ಇವಳು ಸೂಜಿ ಹಾಕಿದ್ದಳು. ಇಬ್ಬರೂ ನಕ್ಕಿದ್ದರು.

ಸೋಮವಾರ ಮಧ್ಯಾಹ್ನ ಟೈಲರಣ್ಣನ ಹೆಂಡತಿ ಫೋನ್ ಮಾಡಿದಳು. ಎರಡನೇ ಬ್ಯಾಚಿನವರನ್ನು ಯಂತ್ರಕ್ಕೆ ಹಾಕುವ ಗದ್ದಲ. ಇಬ್ಬರು ಸಿಬ್ಬಂದಿ ರಜೆ. ಒಂದು ಯಂತ್ರ ಕುಂಯ್‌ಗುಡುತ್ತಿತ್ತು. ದೊಡ್ಡ ಸಿಸ್ಟರ್ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಒಬ್ಬರ ತೋಳಿನ ಪಟ್ಟಿ ಬಿಚ್ಚುತ್ತ ಮಾತಾಡಿದಳು.

"ಸಿಸ್ಟರ್, ಇವರು ನಾಳೆ ಬರೋದಿಲ್ಲ. ನೀವು ಕಾಯ್ತೀರೇನೋ ಅಂತ ಹೇಳೋಕೆ ಮಾಡ್ದೆ."

"ಇದೇನಮ್ಮ ಹೀಗಂದ್ರೆ?" ದೊಡ್ಡ ಸಿಸ್ಟರಿಗೆ ರೇಗಿತು. "ಶನಿವಾರದಿಂದ ಮೈಯಲ್ಲಿ ನೀರು ತುಂಬ್ಕೊಂಡಿರುತ್ತೆ. ಅವರಿಗೆ ಬುದ್ಧಿ ಇಲ್ಲ ಅಂದ್ರೆ ನಿಮಗಾದ್ರೂ ಬೇಡ್ವಾ? ಉಸಿರು ಕಟ್ಟಿದ್ರೆ ಯಾರು ಜವಾಬ್ದಾರಿ? ನಾಳೆ ಆಗಲ್ಲ ಅಂದ್ರೆ ಗುರುವಾರ ಕಳಿಸಿ. ಗುರುವಾರ ಮಾತ್ರ ತಪ್ಪಿಸೋ ಹಾಗಿಲ್ಲ, ಹೇಳಿದೀನಿ!"

ಆ ಕಡೆ ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಗುರುವಾರಾನೂ ಬರಲ್ಲ ಸಿಸ್ಟರ್. ಬೆಳಗಿನ ಜಾವ ಹೋಗ್ಬಿಟ್ರು."

ದೊಡ್ಡ ಸಿಸ್ಟರ್ ಏನಾದರೂ ಹೇಳಬೇಕು ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಇನ್ನೊಂದು ಯಂತ್ರ ಕೂಗಿಕೊಂಡಿತು. "ಆಮೇಲೆ ಮಾಡ್ತೀನಮ್ಮ," ಎಂದು ಫೋನಿಟ್ಟಳು. ಆಮೇಲೆ ಮಾಡಲಿಲ್ಲ. ಸಂಜೆಗೂ ಮಾಡಲಿಲ್ಲ. ಗಂಡ ಸತ್ತ ದಿನ ಒಬ್ಬ ಹೆಂಗಸನ್ನು ಬೈದವಳು ಯಾವ ಬಾಯಲ್ಲಿ ಮತ್ತೆ ಫೋನ್ ಮಾಡಬೇಕು? ಯಾರ ಮುಂದೆ ಹೇಳಿಕೊಳ್ಳಬೇಕು? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮಂಗಳವಾರ ಬೆಳಿಗ್ಗೆ ಅವಳ ಕೈಯಿಂದ ಒಂದು ತಪ್ಪಾಯಿತು. ಅದು ತಿಳಿಯಬೇಕಾದರೆ ಅಲ್ಲಿನ ಒಂದು ಪದ್ಧತಿ ತಿಳಿಯಬೇಕು. ರಕ್ತವನ್ನು ಸೋಸುವ ಫಿಲ್ಟರು ಕೊಳವೆಯಂಥದ್ದು, ಮುಂಗೈಯಷ್ಟು ಉದ್ದ. ಒಬ್ಬೊಬ್ಬರಿಗೂ ಒಂದೊಂದು. ತೊಳೆದು, ಹೆಸರಿನ ಚೀಟಿ ಅಂಟಿಸಿ, ಬೀರುವಿನಲ್ಲಿಟ್ಟು, ಅವರಿಗೇ ಮತ್ತೆ ಹಾಕುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಹಾಕಿದರೆ ಒಬ್ಬರ ರೋಗ ಇನ್ನೊಬ್ಬರಿಗೆ ಹೋದಂತೆ. ಅದಕ್ಕಿಂತ ದೊಡ್ಡ ತಪ್ಪು ಆ ಹಾಲಿನಲ್ಲಿಲ್ಲ. ಯಾರಾದರೂ ತೀರಿಕೊಂಡರೆ ಅವರ ಫಿಲ್ಟರನ್ನು ಅಂದೇ ಎಸೆಯಬೇಕು. ಸೋಮವಾರದ ಗದ್ದಲದಲ್ಲಿ ಅದನ್ನು ಎಸೆದಿರಲಿಲ್ಲ. ಮಂಗಳವಾರ ಎಲ್ಲರಿಗಿಂತ ಮುಂಚೆ ಬಂದು ದೊಡ್ಡ ಸಿಸ್ಟರ್ ಬೀರು ತೆಗೆದಳು, ಒಂದೊಂದೇ ಫಿಲ್ಟರು ಇಳಿಸಿ ಯಂತ್ರಗಳಿಗೆ ಜೋಡಿಸುತ್ತ ಬಂದಳು, ಕಿಟಕಿ ಪಕ್ಕದ ಯಂತ್ರಕ್ಕೆ ಟೈಲರಣ್ಣನ ಫಿಲ್ಟರು ಜೋಡಿಸಿದಳು, ಸಲೈನು ಹರಿಸಿದಳು, ಅವನಿಗೆ ಚಳಿಯೆಂದು ಕುರ್ಚಿಯ ಮೇಲೆ ಎರಡು ಹೊದಿಕೆ ಮಡಿಸಿಟ್ಟಳು. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಅವತ್ತು ಕಂಡಕ್ಟರಣ್ಣನ ಯಂತ್ರ ಕೆಟ್ಟಿತ್ತು. ಬಸ್ಸಿನಲ್ಲಿ ಜನ್ಮವೆಲ್ಲ ಟಿಕೆಟ್ ಹರಿದು ನಿವೃತ್ತನಾದ ಮನುಷ್ಯ, ಈಗಲೂ ಹಾಲಿನೊಳಗೆ ಬಂದವರಿಗೆಲ್ಲ "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ" ಎನ್ನುವವನು. ಚಿಕ್ಕ ಸಿಸ್ಟರ್ ಅವನನ್ನು ಖಾಲಿಯಿದ್ದ ಕಿಟಕಿ ಕುರ್ಚಿಯಲ್ಲಿ ಕೂರಿಸಿದಳು. ದೊಡ್ಡ ಸಿಸ್ಟರ್ ಸಿದ್ಧಮಾಡಿದ ಯಂತ್ರ; ಅನುಮಾನಕ್ಕೆ ಜಾಗವೆಲ್ಲಿ? ಆದರೂ ನಿಯಮದಂತೆ ಚೀಟಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದಳು. ಓದಿದ್ದು ಟೈಲರಣ್ಣನ ಹೆಸರು, ಅವನ ತಂದೆಯ ಹೆಸರಿನ ಸಮೇತ.

ಹಾಲಿಗೆ ಹಾಲೇ ತಣ್ಣಗಾಯಿತು. ಬಾಯಿಗೆ ಬಿಡುವೇ ಕೊಡದ ರೇಡಿಯೋ ಅಜ್ಜಿ ಕೂಡ ತುಟಿ ಪಿಟಿಕ್ಕೆನ್ನಲಿಲ್ಲ.

"ಅಯ್ಯೋ, ನನ್ನದೇ ತಪ್ಪು," ಎಂದು ಕಂಡಕ್ಟರಣ್ಣ ದಡಬಡಿಸಿ ಎದ್ದ. "ರಿಸರ್ವೇಶನ್ ಸೀಟಲ್ಲಿ ಕೂತ್ಬಿಟ್ಟೆ. ನನಗ್ಯಾಕೆ ಕಿಟಕಿ? ಗಾಳಿ ಆಗಲ್ಲ ನನಗೆ."

ದೊಡ್ಡ ಸಿಸ್ಟರ್ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಯಂತ್ರದಿಂದ ಆ ಫಿಲ್ಟರನ್ನು ಬಿಚ್ಚಿ ಕಸದ ಡಬ್ಬಕ್ಕೆ ಹಾಕಿದಳು.

ಚಿಕ್ಕ ಸಿಸ್ಟರ್ ಅಳುಮೋರೆ ಮಾಡಿಕೊಂಡು ಡಾಕ್ಟರಿಗೆ ತಿಳಿಸಿದಳು. ತಿಳಿಸಲೇಬೇಕಿತ್ತು. ಡಾಕ್ಟರು ಕೆಟ್ಟವರಲ್ಲ. ಅವರೂ ಎರಡು ಆಸ್ಪತ್ರೆಗಳ ನಡುವೆ ಓಡಾಡಿ ಬಸವಳಿದವರೇ, ಶರ್ಟಿನ ಗುಂಡಿ ಕಿತ್ತುಹೋಗಿ ವಾರವಾದರೂ ನೋಡಿಕೊಂಡಿರಲಿಲ್ಲ. "ಸಿಸ್ಟರ್, ನಿಮಗೇ ಹೀಗಾದ್ರೆ ಹೇಗೆ?" ಎಂದರು. "ಎರಡು ದಿನ ಯಂತ್ರ ಮುಟ್ಟಬೇಡಿ. ನಾಳೆ ಆಪ್ತಸಲಹೆಯವರು ಬರ್ತಾರೆ, ಮಾತಾಡಿ. ಗುರುವಾರ ನನಗೆ ಹೇಳಿಬಿಡಿ, ಆಗುತ್ತೆ ಅಂದ್ರೆ ಆಗುತ್ತೆ. ಆಗಲ್ಲ ಅಂದ್ರೆ ಉಗ್ರಾಣಕ್ಕೆ ಹಾಕಿಸ್ತೀನಿ. ಆದ್ರೆ ಆಗುತ್ತೆ ಅನ್ನಿ, ದಯವಿಟ್ಟು. ನನ್ನ ಹತ್ರ ಜನ ಇಲ್ಲ."

ಆಸ್ಪತ್ರೆಗೆ ಸಿಬ್ಬಂದಿಯ ಮನಸ್ಸಿನ ಬಗ್ಗೆ ಕಾಳಜಿ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಆರು ತಿಂಗಳ ಕೆಳಗೆ ಸಿಬ್ಬಂದಿಯನ್ನು ಸಭಾಂಗಣಕ್ಕೆ ಕರೆದು ಪರದೆಯ ಮೇಲೆ ಚಿತ್ರ ತೋರಿಸಿದ್ದರು. ದೀರ್ಘವಾಗಿ ಉಸಿರಾಡಿ. ಧಾರಾಳವಾಗಿ ನೀರು ಕುಡಿಯಿರಿ. ಹೊತ್ತಿಗೆ ಸರಿಯಾಗಿ ಮಲಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ! ಜನ ಕಡಿಮೆ ಎಂಬ ರೋಗಕ್ಕೆ ಉಸಿರಾಟದ ಮದ್ದು. ಆ ಸಭೆಗೆ ಹೋದವರ ಕೆಲಸವನ್ನು ಹೋಗದವರು ಮಾಡಿ, ಅವರ ಮನಸ್ವಾಸ್ಥ್ಯವೂ ಕೆಟ್ಟಿತ್ತು.

ಆಪ್ತಸಲಹೆಯವಳಿಗೆ ಬೇರೆ ಜಾಗವಿಲ್ಲದೆ ಹಲ್ಲಿನ ವಿಭಾಗದ ಕೋಣೆ ಕೊಟ್ಟಿದ್ದರು. ಬುಧವಾರ ದೊಡ್ಡ ಸಿಸ್ಟರ್ ಹೋದಾಗ, ಮೇಜಿನ ಮೇಲೆ ಹಲ್ಲು ಕಿರಿದುಕೊಂಡಿದ್ದ ಪ್ಲಾಸ್ಟರ್ ದವಡೆಯ ಪಕ್ಕ ಇನ್ನೂ ಹುಡುಗಿಯಂತಿದ್ದ ಆಪ್ತಸಲಹೆಯವಳು ಹಣೆ ಒತ್ತಿಕೊಂಡು ಕೂತಿದ್ದಳು. ದೊಡ್ಡ ಸಿಸ್ಟರ್ ಅವಳ ಕಣ್ಣು ನೋಡಿದಳು, ತುಟಿ ನೋಡಿದಳು.

"ಊಟ ಮಾಡಿದ್ರಾ?"

"ಆಮೇಲೆ ಮಾಡ್ತೀನಿ. ನೀವು ಕೂತ್ಕೊಳ್ಳಿ."

"ತಲೆನೋವು ಒಂದೇ ಕಡೇನಾ, ಎರಡೂ ಕಡೇನಾ?"

ಒಂದೇ ಕಡೆ. ದೊಡ್ಡ ಸಿಸ್ಟರ್ ಹೊರಗೆ ಹೋಗಿ ಚಹಾ, ಬಿಸ್ಕತ್ತು, ಒಂದು ಮಾತ್ರೆ ತಂದಳು. ದೀಪ ಆರಿಸಿದಳು. ಹುಡುಗಿ ಚಹಾ ಕುಡಿಯುತ್ತ, ಬೆಳಗಿನಿಂದ ಏಳು ಜನ ಬಂದು ಅತ್ತು ಹೋದರೆಂದಳು. ನಾಲ್ಕು ಆಸ್ಪತ್ರೆ ಸುತ್ತುತ್ತೇನೆ, ಮನೆಗೆ ಹೋದರೆ ಅಮ್ಮ ಏನಾದರೂ ಹೇಳಲು ಬಂದರೂ ಸಿಟ್ಟು ಬರುತ್ತದೆ, ಎಂದಳು. ದೊಡ್ಡ ಸಿಸ್ಟರ್ ಹೂಂಗುಟ್ಟಿದಳು, ಸಮಾಧಾನ ಹೇಳಿದಳು. ಗಂಟೆ ಮುಗಿಯುವಷ್ಟರಲ್ಲಿ ಹುಡುಗಿಯ ಮುಖಕ್ಕೆ ಕಳೆ ಬಂದಿತ್ತು. ಆಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ, ನೀವು ನಿಮ್ಮ ಬಗ್ಗೆ ಏನೂ ಹೇಳಲೇ ಇಲ್ವಲ್ಲ!"

"ನಂದೇನಿದೆ ಹೇಳೋಕೆ?"

"ಡಾಕ್ಟ್ರು ಹೇಳಿದ್ರು, ಟೈಲರ್ ತೀರಿಕೊಂಡ್ರಂತೆ. ಅತ್ರಾ ನೀವು?"

"ಯಾವಾಗ ಅಳ್ಲಿ?" ಎಂದಳು ದೊಡ್ಡ ಸಿಸ್ಟರ್. ಕೊಂಕು ಮಾತಲ್ಲ ಅದು. ನಿಜಕ್ಕೂ ಯಾವಾಗ ಎಂದು ಕೇಳುತ್ತಿದ್ದಳು. ಬೆಳಗಿನ ಬ್ಯಾಚು ಬಿಟ್ಟ ಮೇಲೆ ಮಧ್ಯಾಹ್ನದ್ದು, ಅದು ಬಿಟ್ಟ ಮೇಲೆ ಬಸ್ಸು, ಬಸ್ಸಿನಲ್ಲಿ ಗುರುತಿನವರು, ಮನೆಯಲ್ಲಿ ಒಲೆ.

"ಅದನ್ನ ನೀವು ನಿಮ್ಮ ಡಾಕ್ಟ್ರನ್ನ ಕೇಳಬೇಕು," ಎಂದಳು ಹುಡುಗಿ ಮೆಲ್ಲಗೆ. "ನನ್ನ ಹತ್ರ ಟೈಮ್ ಕೊಡೋ ಅಧಿಕಾರ ಇಲ್ಲ."

ಸಂಜೆ ಮನೆಯಲ್ಲಿ ಅವಳ ಮಗಳು ಕಾಲೇಜಿನಿಂದ ಬಂದು ಫ್ರಿಜ್ಜಿನ ಬಾಟಲಿಯೆತ್ತಿ ಗಟಗಟ ನೀರು ಕುಡಿಯುತ್ತಿದ್ದಳು. "ಅಷ್ಟೊಂದು ಕುಡೀಬೇಡ, ಒಂದು ಲೋಟ ಸಾಕು!" ಎಂದು ದೊಡ್ಡ ಸಿಸ್ಟರ್ ಗದರಿದಳು. ಡಯಾಲಿಸಿಸ್‌ನವರಿಗೆ ನೀರು ವರ್ಜ್ಯ. ಇಡೀ ದಿನ ಅದನ್ನೇ ಹೇಳಿ ಹೇಳಿ ಬಾಯಿಗೆ ರೂಢಿ. ಮಗಳು ಬಾಟಲಿ ಹಿಡಿದೇ ನಕ್ಕಳು. ತಾಯಿ ನಗಲಿಲ್ಲ. ಅಡುಗೆಮನೆಯ ಕಟ್ಟೆ ಹಿಡಿದು ನಿಂತಳು.

ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅರ್ಧ ಆಯುಷ್ಯ ಕಳೆದವನು. "ಏನಾಯ್ತು?" ಎಂದ. ಅವಳು ಈರುಳ್ಳಿ ಹೆಚ್ಚುತ್ತ ತಪ್ಪಿನ ಕಥೆ ಹೇಳಿದಳು. ಫೋನಿನ ಕಥೆ ಹೇಳಲಿಲ್ಲ.

"ಉಗ್ರಾಣಕ್ಕೆ ಹೋಗು. ಸಂಬಳ ಅಷ್ಟೇ ತಾನೆ? ಕೂತು ಮಾಡೋ ಕೆಲಸ."

"ಅಲ್ಲಿ ಯಾರಿರ್ತಾರೆ ಮಾತಾಡೋಕೆ? ಡಬ್ಬ?"

"ಮತ್ತೆ ಇಲ್ಲೇ ಇರು."

"ಇಲ್ಲಿದ್ರೆ ಯಾರನ್ನೋ ಸಾಯಿಸ್ತೀನಿ ರೀ." ಹೇಳಿದ ಮೇಲೆ ಅವಳಿಗೇ ಭಯವಾಯಿತು. ಅವಳ ಸಂಕಟ ಇಷ್ಟೇ. ಆಗುತ್ತದೆ ಎಂದರೆ ಈ ಕೈಯನ್ನು ನಂಬಬೇಕು. ಆಗುವುದಿಲ್ಲ ಎಂದರೆ ಈ ಕೈಯನ್ನು ನಂಬಿ ತೋಳು ಚಾಚುವ ಹನ್ನೊಂದು ಜನರನ್ನು ಬಿಡಬೇಕು. ಗಂಡ ಅವಳ ಕೈಯಿಂದ ಚಾಕು ತೆಗೆದುಕೊಂಡು ತಾನೇ ಈರುಳ್ಳಿ ಹೆಚ್ಚತೊಡಗಿದ. ಅವಳು ಸುಸ್ತಾಗಿದ್ದಳು. ಮಲಗಿ ಎದ್ದರೆ ಹೋಗುವ ಸುಸ್ತಾಗಿರಲಿಲ್ಲ ಅದು.

ಗುರುವಾರ ಬೆಳಿಗ್ಗೆ ಡಾಕ್ಟರು ಬಾಗಿಲಲ್ಲೇ ಸಿಕ್ಕಿದರು. "ಇವತ್ತು ಹೊಸಬರೊಬ್ಬರು ಇದಾರೆ ಸಿಸ್ಟರ್, ಕಿಟಕಿ ಕುರ್ಚಿಗೆ. ತೋಳಿಗೆ ಮೊದಲನೇ ಸಲ ಸೂಜಿ. ಚಿಕ್ಕವಳ ಕೈಲಿ ಆಗಲ್ಲ, ನೀವೇ ಚುಚ್ಚಬೇಕು. ಆಗುತ್ತೆ ತಾನೆ?"

"ಆಗುತ್ತೆ ಸರ್," ಎಂದಳು. ಇಪ್ಪತ್ತು ವರ್ಷದಿಂದ ಬಾಯಿಗೆ ಬಂದಿದ್ದ ಮಾತು, ಅವಳನ್ನು ಕೇಳದೆಯೇ ಹೊರಬಿತ್ತು.

ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಳು. ನಲವತ್ತರ ಆಸುಪಾಸು. ಒಳಗೆ ಉಳಿದವರೆಲ್ಲ ಆಗಲೇ ಯಂತ್ರಕ್ಕೆ ತಗುಲಿಕೊಂಡಾಗಿತ್ತು. ಯಂತ್ರಗಳು ಒಂದೇ ಸಮ ಗುನುಗುತ್ತಿದ್ದವು. ದೊಡ್ಡ ಸಿಸ್ಟರ್ ಕಿಟಕಿಯ ಕುರ್ಚಿಯನ್ನು ಒರೆಸಿದಳು. ಮತ್ತೊಮ್ಮೆ ಒರೆಸಿದಳು. ಹೊಸ ಫಿಲ್ಟರು, ಹೊಸ ಚೀಟಿ. ಚೀಟಿಯನ್ನು ಮೂರು ಸಲ ಓದಿದಳು. ಅಕ್ಷರ ಕಾಣುತ್ತಿದ್ದವು, ನಂಬಿಕೆ ಬರುತ್ತಿರಲಿಲ್ಲ.

ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಮಂಗಳವಾರ ಹೋಗಿ ಗುರುವಾರ ಬಂದಿತ್ತು. ಟೈಲರಣ್ಣ ಎಲ್ಲಿ ಎಂದು ಒಬ್ಬರೂ ಕೇಳಿರಲಿಲ್ಲ. ಪಕ್ಕದ ಬೀದಿಯ ಬೆಕ್ಕು ಮರಿ ಹಾಕಿತೇ ಇಲ್ಲವೇ ಎಂದು ವಾರವೆಲ್ಲ ಕೇಳುವ ರೇಡಿಯೋ ಅಜ್ಜಿ ಕೂಡ.

ದೊಡ್ಡ ಸಿಸ್ಟರ್ ಬಟ್ಟೆ ಹಿಡಿದುಕೊಂಡೇ ತಿರುಗಿದಳು. "ಅಲ್ಲಾ, ಟೈಲರಣ್ಣ ಎಲ್ಲಿ ಅಂತ ನೀವ್ಯಾರೂ ಕೇಳಲೇ ಇಲ್ವಲ್ಲ?"

ಅಜ್ಜಿ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡಿದಳು. ಕೊನೆಗೆ ಕಂಡಕ್ಟರಣ್ಣ ಗಂಟಲು ಸರಿಮಾಡಿಕೊಂಡ.

"ಅವರು ಸಂಜೆ ಬ್ಯಾಚಿಗೆ ಹೋಗಿರಬೇಕು ಬಿಡಿ ಸಿಸ್ಟರ್," ಎಂದ, ಮಗುವಿಗೆ ಹೇಳುವ ದನಿಯಲ್ಲಿ.

ದೊಡ್ಡ ಸಿಸ್ಟರ್ ಇಷ್ಟು ವರ್ಷ ಅವರಿಗೆ ಹೇಳುತ್ತಿದ್ದ ಸುಳ್ಳನ್ನು ಅವರು ಅವಳಿಗೇ ಹೇಳುತ್ತಿದ್ದರು. ಹೊಸದಾಗಿ ಒರೆಸಿದ ಕುರ್ಚಿಯ ಮೇಲೆ ಕುಸಿದು ಕೂತಳು. ನರ್ಸುಗಳು ರೋಗಿಗಳ ಕುರ್ಚಿಯಲ್ಲಿ ಕೂರುವುದಿಲ್ಲ. ಅವಳು ಅಲ್ಲಿ ಕೂತದ್ದು ಅದೇ ಮೊದಲು.

"ನಿಮಗೆ ಗೊತ್ತು," ಎಂದಳು.

"ಗೊತ್ತಿಲ್ದೆ ಏನು? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?" ಅಜ್ಜಿ ಕಣ್ಣು ಬಿಟ್ಟಳು. "ಸಂಜೆ ಬ್ಯಾಚಿಗೆ ಅಷ್ಟೊಂದು ಜನಾನ ಹಾಕಿದ್ರೆ ಅವರನ್ನೆಲ್ಲ ಎಲ್ಲಿ ಕೂರಿಸ್ತೀಯಾ, ತಾರಸಿ ಮೇಲಾ?"

"ಮತ್ತೆ ಯಾಕಜ್ಜಿ ನಂಬಿದ ಹಾಗೆ ತಲೆ ಆಡಿಸ್ತಿದ್ರಿ?"

"ಕೇಳಿದ್ರೆ ನೀನು ನಿಜ ಹೇಳ್ಬೇಕಾಗುತ್ತೆ. ಹೇಳಿದ್ರೆ ನಿನಗೆ ಅಳು ಬರುತ್ತೆ. ಅಳ್ತಾ ಅಳ್ತಾ ನೀನು ಸೂಜಿ ಚುಚ್ಚೋದು ಯಾರಿಗೆ? ನಮಗೇ ತಾನೆ?" ಅಜ್ಜಿ ನಗಿಸಲು ಹೇಳಿದ್ದಳು. ಆದರೆ ಅವಳ ದನಿಯೇ ಒಡೆಯಿತು. "ಪಾಪ, ನಿನಗೆ ಯಾಕೆ ಕಷ್ಟ ಕೊಡೋದು ಅಂತ, ಮಗಳೇ."

"ನಾನು ಅವರ ಹೆಂಡತೀನ ಬೈದೆ ಅಜ್ಜಿ," ಎಂದಳು ದೊಡ್ಡ ಸಿಸ್ಟರ್. ಮೂರು ದಿನದಿಂದ ಗಂಡನಿಗೂ ಹೇಳದ ಮಾತು ಹೊರಗೆ ಬಂತು. "ಹೋದ್ರು ಅಂತ ಹೇಳೋಕೆ ಫೋನ್ ಮಾಡಿದ್ರೆ, ಬುದ್ಧಿ ಇಲ್ವಾ ಅಂದೆ. ಗುರುವಾರ ಕಳಿಸಿ ಅಂದೆ. ಆಮೇಲೆ ಒಂದು ಫೋನೂ ಮಾಡಲಿಲ್ಲ. ನಾನು ಮನುಷ್ಯಳಾ?"

ಕಂಡಕ್ಟರಣ್ಣ ಎದ್ದು ಬರುವ ಹಾಗಿರಲಿಲ್ಲ. ತೋಳಿಗೆ ಎರಡು ಸೂಜಿ. ಕೂತಲ್ಲಿಂದಲೇ ಬಾಗಿದ. "ನನಗೆ ಗೊತ್ತು. ಸೋಮವಾರ ಸಂಜೆ ನಾನು ಅವರ ಮನೆಗೆ ಹೋಗಿದ್ದೆ. ಆಯಮ್ಮ ಬಂದವರಿಗೆಲ್ಲ ಅದನ್ನೇ ಹೇಳ್ತಿದ್ರು."

ದೊಡ್ಡ ಸಿಸ್ಟರ್ ಮುಖ ಮುಚ್ಚಿಕೊಂಡಳು.

"ಪೂರ್ತಿ ಕೇಳಿ ಸಿಸ್ಟರ್. ಆಯಮ್ಮ ಹೇಳಿದ್ದು ಇದು: ಬೆಳಿಗ್ಗೆಯಿಂದ ಎಲ್ಲರೂ ಬಂದು ಹಾಗಿದ್ರು, ಹೀಗಿದ್ರು ಅಂತಿದಾರೆ. ಸಿಸ್ಟರೊಬ್ಬರು ಮಾತ್ರ, ಅವರಿಗೆ ಬುದ್ಧಿ ಇಲ್ಲ, ಗುರುವಾರ ಬರಬೇಕು ಅಂತ ಬೈದ್ರು. ಅಷ್ಟು ಹೊತ್ತು ನಮ್ಮನೆಯವರು ಬದುಕಿದ್ದ ಹಾಗೇ ಇತ್ತು. ಫೋನ್ ಇಡೋಕೇ ಮನಸ್ಸು ಬರಲಿಲ್ಲ, ಅಂದ್ರು."

ದೊಡ್ಡ ಸಿಸ್ಟರ್ ಅತ್ತಳು. ಸದ್ದಿಲ್ಲದೆ ಅಳುವ ಕಲೆ ಅವಳಿಗೆ ಗೊತ್ತಿತ್ತು, ಆದರೆ ಇದು ಆ ಅಳುವಲ್ಲ. ಮೂಗು ಸೋರಿ, ಭುಜ ಕುಲುಕಿ, ಬಿಕ್ಕಿ ಬಿಕ್ಕಿ ಅತ್ತಳು. ಟೈಲರಣ್ಣನಿಗಾಗಿ ಅತ್ತಳು, ಅವನಿಗಿಂತ ಮುಂಚೆ ಹೋದವರಿಗೂ ಅತ್ತಳು, ಯಾರ್‍ಯಾರದೋ ಪಾಳಿ ಅವತ್ತು ಬಂತು. ಒಂದು ಯಂತ್ರ ಕೂಗಿಕೊಂಡಿತು. ಅವಳು ಅಭ್ಯಾಸಬಲದಿಂದ ಎದ್ದಳು. "ಕೂತ್ಕೊಳ್ಳೇ," ಎಂದು ಅಜ್ಜಿ ಗದರಿದಳು. "ನನ್ನ ಮಷೀನು ಅದು, ನನಗೇನೂ ಆಗಿಲ್ಲ, ಕೈ ಮಡಚಿದ್ದೆ ಅಷ್ಟೆ." ಚಿಕ್ಕ ಸಿಸ್ಟರ್ ಓಡಿಬಂದು ಸದ್ದು ನಿಲ್ಲಿಸಿದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಸದ್ದು ಕೇಳಿ ಡಾಕ್ಟರು ಬಂದರು. "ಏನು ಸಿಸ್ಟರ್, ಹೊಸಬರನ್ನ ಇನ್ನೂ ಹಾಕಿಲ್ವಾ?"

"ಅಳ್ತಿದ್ದೀನಿ ಸರ್," ಎಂದಳು ದೊಡ್ಡ ಸಿಸ್ಟರ್. "ಮುಗಿಸಿ ಹಾಕ್ತೀನಿ. ಬೆಳಿಗ್ಗೆ ಆಗುತ್ತೆ ಅಂದೆ, ಅದು ಸುಳ್ಳು. ಈಗ ಆಗಲ್ಲ. ಸ್ವಲ್ಪ ಹೊತ್ತಾದ್ಮೇಲೆ ಆಗುತ್ತೆ. ಮುಂದಿನ ಸಲ ನಮ್ಮವರ್‍ಯಾರಾದ್ರೂ ಹೋದ್ರೆ ಇಷ್ಟು ಹೊತ್ತು ನಮಗೆ ಬೇಕು ಸರ್. ನನಗೂ, ಇವಳಿಗೂ."

ಡಾಕ್ಟರು ಗಡಿಯಾರ ನೋಡಲು ಕೈಯೆತ್ತಿದರು, ನೋಡದೆ ಇಳಿಸಿದರು. ಹಾಲಿನ ಅಷ್ಟೂ ಕಣ್ಣು ಅವರ ಮೇಲಿದ್ದವು. ಅವರು ಮೂಲೆಯ ನಲ್ಲಿಗೆ ಹೋಗಿ ಕೈ ತೊಳೆದುಕೊಂಡು, ಚಿಕ್ಕ ಸಿಸ್ಟರ್ ಜೊತೆ ಯಂತ್ರಗಳ ನಡುವೆ ನಡೆದರು. ಒಬ್ಬರ ರಕ್ತದೊತ್ತಡ ತಾವೇ ನೋಡಿದರು. "ಎಂಥ ಮನುಷ್ಯ," ಎಂದರು ಸ್ವಲ್ಪ ಹೊತ್ತಿನ ಮೇಲೆ, ಯಾರಿಗೂ ಅಲ್ಲದೆ. "ನನ್ನ ಪ್ಯಾಂಟು ಉದ್ದ ಅಂದಿದ್ದ."

ಬಾಗಿಲಲ್ಲಿ ಹೊಸ ಹೆಂಗಸು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರೂ ಗಮನಿಸಿರಲಿಲ್ಲ. ಚೀಲ ಎದೆಗವುಚಿಕೊಂಡಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ. ಡಾಕ್ಟರು ಗಾಬರಿಯಾಗಿ ದೊಡ್ಡ ಸಿಸ್ಟರ್ ಕಡೆ ನೋಡಿದರು. ಮೊದಲ ದಿನವೇ ಇಂಥದನ್ನು ಕಂಡ ರೋಗಿ ಎರಡನೇ ದಿನ ಬರುವುದುಂಟೇ?

"ಯಾರಾದ್ರೂ ಹೋಗಿಬಿಟ್ರಾ?" ಎಂದು ಹೆಂಗಸು ಕೇಳಿದಳು.

ದೊಡ್ಡ ಸಿಸ್ಟರ್ ಮೂಗು ಒರೆಸಿಕೊಂಡಳು. ನಾಲಿಗೆಯ ತುದಿಗೆ ಹಳೆಯ ಉತ್ತರ ಬಂದು ನಿಂತಿತ್ತು. ನುಂಗಿಕೊಂಡಳು.

"ಹೌದಮ್ಮ. ನಮ್ಮವರೊಬ್ಬರು ತೀರಿಕೊಂಡ್ರು."

"ಈ ಕುರ್ಚಿಯವರಾ?"

"ಈ ಕುರ್ಚಿಯವರೇ," ಎಂದಳು ದೊಡ್ಡ ಸಿಸ್ಟರ್. "ಎಂಟು ವರ್ಷ ಇಲ್ಲೇ ಕೂತ್ಕೊತಿದ್ರು. ಅಂಗಡೀನೂ ನಡೆಸ್ತಿದ್ರು. ಇಬ್ಬರು ಮಕ್ಕಳ ಮದುವೆ ಬಟ್ಟೆ ಅವರೇ ಹೊಲಿದ್ರು."

"ಎಂಟು ವರ್ಷಾನಾ?"

"ಎಂಟು."

ಹೆಂಗಸು ಒಬ್ಬೊಬ್ಬರನ್ನೇ ನೋಡಿದಳು; ಕಂಡಕ್ಟರನ್ನು, ಅಜ್ಜಿಯನ್ನು, ಅವರ ತೋಳುಗಳನ್ನು. ಅವಳ ಕಣ್ಣು ತುಂಬಿತು. "ನಾನು ಇನ್ನು ಬದುಕೋದೇ ಆರು ತಿಂಗಳು ಅಂತ ಅಂದ್ಕೊಂಡು ಬಂದಿದ್ದೆ," ಎಂದಳು. "ಕೇಳೋಕೆ ಧೈರ್ಯ ಇರಲಿಲ್ಲ. ಯಾರೂ ಹೇಳಲೂ ಇಲ್ಲ."

ಗೋಡೆಯ ಪಕ್ಕದ ಸ್ಟೂಲನ್ನು ಅವಳೇ ಎಳೆದುಕೊಂಡು, ದೊಡ್ಡ ಸಿಸ್ಟರ್ ಎದುರಿಗೆ ಹಾಕಿ ಕೂತಳು. ಅಷ್ಟು ಹೊತ್ತೂ ಬಿಡದೆ ಹಿಡಿದಿದ್ದ ಚೀಲವನ್ನು ಕೆಳಗಿಟ್ಟಳು.

"ನೀವು ಅತ್ತು ಮುಗಿಸಿ ಸಿಸ್ಟರ್," ಎಂದಳು. "ನನಗೇನೂ ಅವಸರ ಇಲ್ಲ."